ಮೆಲ್ಬರ್ನ್‌ನಲ್ಲಿ ಸ್ಟೆನ್ಸಿಲ್ ಚಿತ್ರಗಳನ್ನು ಎಲ್ಲಿ ನೋಡಬಹುದು?

ಪ್ರಶ್ನೆ:
ನಾನು ಧಾರವಾಡದಲ್ಲಿ ಚಿತ್ರಕಲಾ ಶಿಕ್ಷಕ. ಮುಂದಿನ ತಿಂಗಳು ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೊರಟಿದ್ದೇನೆ. ಹಾಳೆಯಲ್ಲಿ ಆಕಾರ ಕತ್ತರಿಸಿ, ಆ ಕಂಡಿಯ ಮೂಲಕ ಗೋಡೆಗೆ ಬಣ್ಣ ಸಿಂಪಡಿಸುವುದೇ ಸ್ಟೆನ್ಸಿಲ್. ಆ ರೀತಿಯಲ್ಲಿ ಬ್ರಿಟಿಷ್ ಬೀದಿ ಕಲಾವಿದ ಬ್ಯಾಂಕ್ಸಿ ಮೂಡಿಸಿದ ಪ್ಯಾರಾಚೂಟ್ ಇಲಿಯ ಚಿತ್ರ ಈಗಲೂ ಅಲ್ಲಿದೆಯೇ? ಇನ್ನೊಂದು: ಮಕ್ಕಳಿಗೆ ಕನ್ನಡ ಅಕ್ಷರಗಳ ಸ್ಟೆನ್ಸಿಲ್ ಕಲಿಸಬೇಕೆಂದಿದ್ದೇನೆ. ಕತ್ತರಿಸಿದರೆ ‘ರ’ದ ಹೊಟ್ಟೆ ಉದುರಿಹೋಗುತ್ತದೆ. ಏನು ಮಾಡಲಿ?

ಉತ್ತರ 1:
ಫೆಡರೇಶನ್ ಸ್ಕ್ವೇರ್ ಎದುರಿನ ಹೋಸಿಯರ್ ಲೇನ್ ಎಂಬ ಓಣಿಗೆ ಹೋಗಿ. ಬೆಳಿಗ್ಗೆ ಬೇಗ ಹೋದರೆ ಜನಜಂಗುಳಿ ಇರುವುದಿಲ್ಲ.

ಉತ್ತರ 2:
ಆ ಇಲಿ ಇಲ್ಲ, ಸರ್. 2010ರ ಏಪ್ರಿಲ್‌ನಲ್ಲಿ ಹೋಸಿಯರ್ ಲೇನ್ ಚೊಕ್ಕಟ ಮಾಡಲು ಬಂದ ನಗರಪಾಲಿಕೆಯ ಗುತ್ತಿಗೆ ಕೆಲಸಗಾರರು ಅದರ ಮೇಲೆ ಬಣ್ಣ ಬಳಿದುಬಿಟ್ಟರು. ಕಾಕರ್ ಆಲಿ ಎಂಬ ಓಣಿಯಲ್ಲಿದ್ದ ಬ್ಯಾಂಕ್ಸಿಯವರದೇ ‘ಪುಟ್ಟ ಮುಳುಗುಗಾರ’ ಚಿತ್ರಕ್ಕೆ ಪಾರದರ್ಶಕ ಹಲಗೆ ಹೊದಿಸಿದ್ದರು. 2008ರ ಕೊನೆಗೆ ಯಾರೋ ಹಲಗೆಯ ಹಿಂದಕ್ಕೇ ಬೆಳ್ಳಿ ಬಣ್ಣ ಸುರಿದರು. ಆ ಎರಡನೆಯದು ನನಗೆ ಇಂದಿಗೂ ಸಂಕಟದ ವಿಷಯ.

ಆದರೆ ಬ್ಯಾಂಕ್ಸಿಯೊಬ್ಬರನ್ನೇ ಹುಡುಕಬೇಡಿ. ಈ ಊರಿಗೆ ತನ್ನದೇ ಸ್ಟೆನ್ಸಿಲ್ ಬಳಗವಿದೆ. ‘ಹಾ-ಹಾ’ ಎಂಬ ಹೆಸರಿನಲ್ಲಿ ಕೆಲಸ ಮಾಡುವ ರೀಗನ್ ತಮನುಯಿ, 1880ರಲ್ಲಿ ಇಲ್ಲಿಯೇ ಗಲ್ಲಿಗೇರಿದ ದರೋಡೆಕೋರ ನೆಡ್ ಕೆಲ್ಲಿಯ ಮುಖವನ್ನು ಈ ಊರಿನ ಗೋಡೆಗಳ ಮೇಲೆ ತಂದವರು. ಅವರ ಕೆಲಸ ಎಲ್ಲಿ ಕಂಡರೂ ನಿಂತು ನೋಡಿ.

ನೋಡುವಾಗ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ. ಅಂಚು ಮಸುಕಾಗಿದ್ದರೆ, ಹಾಳೆ ಅಲ್ಲಿ ಮೇಲೆದ್ದು ಬಣ್ಣ ಅಡಿಗೆ ನುಸುಳಿದೆ ಎಂದರ್ಥ. ಬಣ್ಣ ಕೆಳಕ್ಕೆ ಸೋರಿ ಇಳಿದಿದ್ದರೆ ಒಂದೇ ಸಲಕ್ಕೆ ದಪ್ಪಗೆ ಸಿಂಪಡಿಸಿದ್ದಾರೆ. ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಬಣ್ಣ ತಾಗದ ಸಣ್ಣ ಗೆರೆ ಕಂಡರೆ ಅದು ಸೇತುವೆ, ಒಳಗಿನ ತುಂಡು ಬೀಳದಂತೆ ಬಿಟ್ಟ ಪಟ್ಟಿ.

ನಿಮ್ಮ ‘ರ’ಕ್ಕೂ ಅದೇ ಮದ್ದು. ಎದುರುಬದುರಾಗಿ ಎರಡು ಪಟ್ಟಿ ಬಿಡಿ; ಒಂದೇ ಬಿಟ್ಟರೆ ನಡುವಿನ ತುಂಡು ಜೋಲುತ್ತದೆ. ‘ಠ’ದಲ್ಲಿ ಮೊದಲು ಒಳಗಿನ ಚುಕ್ಕೆ ಕತ್ತರಿಸಿ, ಆಮೇಲೆ ಸುತ್ತಿನ ಬಳೆ. ಹಳೆಯ ಎಕ್ಸ್‌ರೇ ಹಾಳೆ ಇದ್ದರೆ ಬಹಳ ಒಳ್ಳೆಯದು: ಬಣ್ಣ ಹೀರುವುದಿಲ್ಲ, ಒರೆಸಿ ಮತ್ತೆ ಬಳಸಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಹೋಸಿಯರ್ ಲೇನ್‌ನಲ್ಲಿ ನಾನೂ ಒಂದು ‘ಠ’ ಮೂಡಿಸಬಹುದೇ?

ಉತ್ತರ 2:
ಗೋಡೆಯ ಒಡೆಯರ ಒಪ್ಪಿಗೆ ಇಲ್ಲದೆ ಬೇಡ, ಸರ್. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಗ್ರಾಫಿಟಿ, ಅಂದರೆ ಗೋಡೆಗಳ ಮೇಲೆ ಗೀಚುವುದು, ಅದರ ತಡೆಗೆ 2007ರ ಕಾನೂನಿದೆ. ಸಕಾರಣವಿಲ್ಲದೆ ಸ್ಪ್ರೇ ಡಬ್ಬಿ ಹಿಡಿದು ರೈಲು ನಿಲ್ದಾಣದಲ್ಲಿ ನಿಂತರೂ ಅಪರಾಧ. ಮಗಳ ಮನೆಯ ಹಿತ್ತಲಲ್ಲಿ ರಟ್ಟಿನ ಮೇಲೆ ಮೂಡಿಸಿ, ಫೋಟೊ ಇಲ್ಲಿ ಹಾಕಿ. ನೋಡಲು ನನಗೆ ನಿಜಕ್ಕೂ ಆಸೆಯಿದೆ.