ಹೊಸ ಬಿಲ್ ತಿದ್ದಿದ್ರ ಹಳೇ ಬಿಲ್ಲೂ ಬದಲಾಗತೈತಿ, ಯಾಕ್ರಿ?

ಪ್ರಶ್ನೆ (ಬಾಗಲಕೋಟೆ):
ಇಳಕಲ್ ಸೀರಿ ಅಂಗಡಿಗೆ ಜಾವಾಸ್ಕ್ರಿಪ್ಟ್‌ನ್ಯಾಗ ಬಿಲ್ಲಿಂಗ್ ಆ್ಯಪ್ ಮಾಡಾಕತ್ತೀನ್ರಿ ಸರ. ಕಾಯಂ ಗಿರಾಕಿ ಬಂದ್ರ ಅವರ ಹಳೇ ಬಿಲ್ಲನ್ನ ಮೂರು ಚುಕ್ಕಿ ಸ್ಪ್ರೆಡ್ ಹಾಕಿ ಕಾಪಿ ಮಾಡಿ ಹೊಸಾದು ತಗೀತೀನಿ. ಹೊಸದರಾಗ ಹೆಸರು ತಿದ್ದಿದ್ರ ಹಳೇದಕ್ಕ ಏನೂ ಆಗೂದಿಲ್ಲ. ಸೀರಿ ದರ 2400 ಇದ್ದದ್ದು 2200 ಮಾಡಿದ್ರ ಹಳೇ ಬಿಲ್ಲೂ 2200 ತೋರಸ್ತೈತಿ. ಜೇಸನ್ ಸ್ಟ್ರಿಂಗಿಫೈ ಮಾಡಿ (ಬಿಲ್ಲನ್ನ ಪಠ್ಯ ಮಾಡಿ) ವಾಪಸ್ ಪಾರ್ಸ್ ಮಾಡಿದ್ರ ದರ ಸರಿ ಆತು, ಆದ್ರ ತಾರೀಖಿನ ಮ್ಯಾಲೆ ಗೆಟ್‌ಮಂತ್ ಕರದ್ರ ‘ನಾಟ್ ಎ ಫಂಕ್ಷನ್’ ಅಂತ ಎರರ್. ಸರಿಯಾದ ದಾರಿ ಯಾವುದು?

ಉತ್ತರ (ಬೆಳಗಾವಿ, ಸಾಫ್ಟ್‌ವೇರ್ ಎಂಜಿನಿಯರ್):
ಸ್ಪ್ರೆಡ್ ಮೇಲಿನ ಒಂದು ಪದರವನ್ನಷ್ಟೇ ಕಾಪಿ ಮಾಡ್ತದ್ರಿ. ಹೆಸರು ಬರೀ ಸ್ಟ್ರಿಂಗ್, ಹಾಗಾಗಿ ಬೇರೆಯಾಯ್ತು. ಸೀರೆಗಳ ಪಟ್ಟಿ ಅರೇ, ಅದರ ರೆಫರೆನ್ಸ್ (ಪಟ್ಟಿ ಎಲ್ಲಿದೆ ಅನ್ನೋ ವಿಳಾಸ) ಮಾತ್ರ ಬಂತು. ಎರಡು ಬಿಲ್ಲಿಗೂ ಪಟ್ಟಿ ಒಂದೇ. ‘ಹಳೆ.ಪಟ್ಟಿ === ಹೊಸ.ಪಟ್ಟಿ’ ಅಂತ ಕನ್ಸೋಲ್‌ನಲ್ಲಿ ಹಾಕಿ ನೋಡ್ರಿ, ಟ್ರೂ ಬರ್ತದೆ. ಸ್ಲೈಸ್, ಆಬ್ಜೆಕ್ಟ್.ಅಸೈನ್ ಕೂಡ ಇದೇ ಜಾತಿ. ಪಟ್ಟಿಯನ್ನೂ ಸ್ಪ್ರೆಡ್ ಮಾಡಿದರೆ ಸಾಲದು, ಒಳಗಿನ ಒಂದೊಂದು ಸೀರೆಯೂ ಆಬ್ಜೆಕ್ಟೇ.

ಜೇಸನ್ ದಾರಿಯಲ್ಲಿ ಡೇಟ್ ಸ್ಟ್ರಿಂಗ್ ಆಗಿಬಿಡ್ತದೆ, ನಿಮ್ಮ ಎರರ್‌ಗೆ ಅದೇ ಕಾರಣ. ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಆಗುವಂಥದ್ದು: ಆಬ್ಜೆಕ್ಟ್‌ನಲ್ಲಿ ಅನ್‌ಡಿಫೈನ್ಡ್ ಇದ್ದ ಕೀ ಮಾಯ, ನ್ಯಾನ್ (‘ಸಂಖ್ಯೆಯಲ್ಲ’ ಅನ್ನೋ ಬೆಲೆ) ಇದ್ದದ್ದು ನಲ್, ಮ್ಯಾಪ್ ಮತ್ತು ಸೆಟ್ ಖಾಲಿ ಆಬ್ಜೆಕ್ಟ್.

ನೀವು ಸ್ಟ್ರಕ್ಚರ್ಡ್‌ಕ್ಲೋನ್ ಬಳಸ್ರಿ, ಅದು ಒಳಗಿನ ಪದರಗಳನ್ನೂ ಕಾಪಿ ಮಾಡ್ತದೆ (ಆಳದ ಕಾಪಿ). ಲೈಬ್ರರಿ ಬೇಕಿಲ್ಲ, ನೋಡ್ 17, ಕ್ರೋಮ್ 98, ಫೈರ್‌ಫಾಕ್ಸ್ 94, ಸಫಾರಿ 15.4ರಿಂದ ಒಳಗೇ ಇದೆ. ಡೇಟ್, ಮ್ಯಾಪ್, ಸೆಟ್ ಸರಿಯಾಗಿ ಬರ್ತಾವೆ, ತನ್ನನ್ನೇ ತೋರಿಸುವ ಆಬ್ಜೆಕ್ಟ್ ಕೂಡ. ಆದರೆ ಒಳಗೆ ಎಲ್ಲಾದರೂ ಫಂಕ್ಷನ್ ಇದ್ದರೆ ಡೇಟಾಕ್ಲೋನ್‌ಎರರ್ ಬರ್ತದೆ. ಬಿಲ್ ಅನ್ನೋದನ್ನ ಕ್ಲಾಸ್ ಮಾಡಿದ್ದರೆ ಎರರ್ ಇಲ್ಲದೇ ಪ್ರೋಟೋಟೈಪ್ (ಕ್ಲಾಸ್‌ನ ಮೆಥಡ್‌ಗಳಿಗೆ ಇರುವ ಕೊಂಡಿ) ಕಳಚಿಕೊಳ್ತದೆ, ಆಮೇಲೆ ಬಿಲ್.ಒಟ್ಟು ಅಂತ ಮೆಥಡ್ ಕರೆದರೆ ಸಿಗೋದಿಲ್ಲ. ಅಂಥಲ್ಲಿ ಲೋಡ್ಯಾಶ್ ಲೈಬ್ರರಿಯ ಕ್ಲೋನ್‌ಡೀಪ್ ಪ್ರೋಟೋಟೈಪ್ ಉಳಿಸ್ತದೆ.

ಮರುಪ್ರಶ್ನೆ (ಬಾಗಲಕೋಟೆ):
ಸ್ಕ್ರೀನ್ ರಿಯಾಕ್ಟ್ ಲೈಬ್ರರಿನ್ಯಾಗ ಐತ್ರಿ. ದರ ತಿದ್ದಿದಾಗೆಲ್ಲಾ ಸ್ಟ್ರಕ್ಚರ್ಡ್‌ಕ್ಲೋನ್ ಕರೀಲ್ಯಾ?

ಉತ್ತರ (ಬೆಳಗಾವಿ):
ಬ್ಯಾಡ್ರಿ. ಹಳೇ ಬಿಲ್‌ನಿಂದ ಹೊಸದು ತೆಗೆಯುವಾಗ ಒಂದು ಸಲ ಸಾಕು. ಪ್ರತಿ ಸಲ ಆಳದ ಕಾಪಿ ಮಾಡಿದರೆ ಎಲ್ಲ ಸಾಲಿನ ರೆಫರೆನ್ಸೂ ಹೊಸದಾಗ್ತದೆ. ಮೆಮೋ (ಬದಲಾಗದ ಸಾಲನ್ನ ಮತ್ತೆ ರೆಂಡರ್ ಮಾಡದಂತೆ ತಡೆಯುವ ರಿಯಾಕ್ಟ್ ಸೌಲಭ್ಯ) ಹಾಕಿದ್ದರೂ 40 ಸಾಲಿನ ಬಿಲ್‌ನಲ್ಲಿ 40 ಸಾಲೂ ಮತ್ತೆ ರೆಂಡರ್. ಪಟ್ಟಿಯ ಮೇಲೆ ಮ್ಯಾಪ್ ಮೆಥಡ್ ಓಡಿಸಿ, ಐಡಿ ಹೊಂದಿದ ಸಾಲನ್ನಷ್ಟೇ ಸ್ಪ್ರೆಡ್ ಮಾಡಿ ಹೊಸ ದರ ಕೊಡ್ರಿ, ಉಳಿದವನ್ನು ಇದ್ದಂಗೇ ವಾಪಸ್ ಕಳಿಸ್ರಿ. ನಿಜ ಹೇಳಬೇಕಂದ್ರೆ ಆಳದ ಕಾಪಿ ಬೇಕು ಅಂತ ಕೇಳುವ ಬಹಳಷ್ಟು ಕಡೆ ಬೇಕಾಗಿರೋದು ಇಷ್ಟೇ.

ಇನ್ನೊಬ್ಬರು (ವಿಜಯಪುರ, ವಿದ್ಯಾರ್ಥಿ):
ಅರೇ(3).ಫಿಲ್([]) ಮಾಡಿ ಮೊದಲನೇದಕ್ಕ ಪುಶ್ ಮಾಡಿದ್ರ ಮೂರರಾಗೂ ಬರ್ಲಿಕತ್ತದ. ಇದೂ ಅದೇ ಏನ್ರಿ?

ಉತ್ತರ (ಬೆಳಗಾವಿ):
ಅದೇ ರೋಗ. ಫಿಲ್ ಒಂದೇ ಖಾಲಿ ಅರೇಯನ್ನ ಮೂರು ಕಡೆ ಇಡ್ತದಪಾ. ಅರೇ.ಫ್ರಮ್‌ಗೆ ಲೆಂತ್ 3 ಕೊಟ್ಟು, ಪ್ರತಿ ಸಲ ಹೊಸ ಅರೇ ಹಿಂದಿರುಗಿಸುವ ಆ್ಯರೋ ಫಂಕ್ಷನ್ ಕೊಡು. ಪೈಥಾನ್‌ನಲ್ಲಿ [[0]*3]*3 ಬರೆದರೂ ಇದೇ ಆಗ್ತದೆ. ಅಲ್ಲಿ ಲಿಸ್ಟ್ ಕಾಂಪ್ರಿಹೆನ್ಶನ್ ಬಳಸು.