ಕೊಳಲು ಮಾಡೆಲ್: ಒಂದೋ ಸದ್ದೇ ಇಲ್ಲ, ಇಲ್ಲಾಂದ್ರೆ ಕಿರುಚಾಟ

ಬಿದಿರುಕಡ್ಡಿ:
ತಲೆ ಕೆಟ್ಟುಹೋಗಿದೆ. ಕಂಪ್ಯೂಟರ್‌ಗೆ ಫಿಸಿಕಲ್ ಮಾಡೆಲಿಂಗ್ (ನಿಜವಾದ ವಾದ್ಯ ನಡೆಯುವ ರೀತಿಯನ್ನೇ ಲೆಕ್ಕ ಹಾಕಿ ಸದ್ದು ಹುಟ್ಟಿಸುವ) ಕೊಳಲು ಪ್ಲಗಿನ್ ಹಾಕಿದ್ದೇನೆ. ಮೆಲ್ಲಗೆ ನುಡಿಸಿದರೆ ಸದ್ದೇ ಇಲ್ಲ, ಸ್ವಲ್ಪ ಜಾಸ್ತಿಯಾದರೆ ಸೀದಾ ಮೇಲಿನ ಸ್ಥಾಯಿಗೆ ಹಾರಿ ಕಿರುಚುತ್ತದೆ. ನಡುವೆ ಏನೂ ಇಲ್ಲ. ತೆಗೆದು ಮತ್ತೆ ಹಾಕಿಯೂ ಆಯಿತು. ಯಾರಾದರೂ ಹೇಳಿ.

ಬಫರ್‌ಭಟ್ಟ:
ಆಡಿಯೊ ಬಫರ್ (ಸದ್ದನ್ನು ತುಂಡುತುಂಡಾಗಿ ಕೂಡಿಡುವ ಜಾಗ) ಎಷ್ಟಿದೆ? 512 ಇದ್ದರೆ 128ಕ್ಕೆ ಇಳಿಸಿ.

ಬಿದಿರುಕಡ್ಡಿ:
ಇಳಿಸಿದೆ. ಅದೇ ಗೋಳು.

ಬಫರ್‌ಭಟ್ಟ:
64 ನೋಡಿ. ಡ್ರೈವರ್ ಯಾವುದು?

ಹಳೇಪೆಟ್ಟಿಗೆ:
ಭಟ್ಟರೇ, ಬಫರ್‌ನಿಂದ ಸದ್ದು ತಡವಾಗಬಹುದು, ಪಟಪಟ ಅನ್ನಬಹುದು, ಸ್ಥಾಯಿ ಹಾರುವುದಿಲ್ಲ. ಇದು ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದು, ಅಲ್ವಲ್ಲ. ಊದುವ ಒತ್ತಡ ಒಂದು ಮಟ್ಟ ದಾಟುವ ತನಕ ಮಾಡೆಲ್‌ನಲ್ಲಿ ಕಂಪನವೇ ಹುಟ್ಟುವುದಿಲ್ಲ, ಜಾಸ್ತಿ ಊದಿದರೆ ನಿಜವಾದ ಕೊಳಲಿನ ಹಾಗೇ ಮೇಲಕ್ಕೆ ಹೋಗುತ್ತದೆ. ಒತ್ತಡ ಯಾವುದರಿಂದ ಕೊಡುತ್ತಿದ್ದೀರಿ, ಬಾಯಿಂದ ಊದುವ ಬ್ರೆತ್ ಕಂಟ್ರೋಲರಾ? ನಾನಂತೂ ಯಮಹಾ ವಿಎಲ್70-ಎಂ ಅನ್ನೋ ಹಳೇ ಮಾಡೆಲಿಂಗ್ ಪೆಟ್ಟಿಗೆ ಇನ್ನೂ ಮಾರಿಲ್ಲ. ಊದುವ ಕಂಟ್ರೋಲರ್ ಡಬ್ಲ್ಯೂಎಕ್ಸ್5 ಅದಕ್ಕೆ ನೇರ ಚುಚ್ಚಿ ಊದುತ್ತೇನೆ, ಒಂದು ಸಲಕ್ಕೆ ಒಂದೇ ಸ್ವರ ನಿಜ, ಆದರೆ ಆ ಉಸಿರು ಈಗಿನ ಪ್ಲಗಿನ್‌ಗಳಲ್ಲಿ ಎಲ್ಲಿ?

ಬಫರ್‌ಭಟ್ಟ:
ಶುರುವಾಯ್ತು ವಿಎಲ್ ಪುರಾಣ.

ಬಿದಿರುಕಡ್ಡಿ:
ಆಫ್ಟರ್‌ಟಚ್. ಕೀ ಹಿಡಿದೇ ಇನ್ನಷ್ಟು ಒತ್ತುವುದು. ಕೀಬೋರ್ಡ್ ಅಂದ ಮೇಲೆ ಇನ್ನೇನಿರುತ್ತದೆ?

ಮಲೆನಾಡು_ಮಿಡಿ:
ಎಡವಟ್ಟು ಅಲ್ಲೇ ಇರೋದು. ಆಫ್ಟರ್‌ಟಚ್ ಶುರುವಾಗುವುದೇ ಕೀ ತಳ ಮುಟ್ಟಿದ ಮೇಲೆ. ಅಲ್ಲಿವರೆಗೆ 0. ಆಮೇಲೆ ಸುಮಾರು ಕೀಬೋರ್ಡ್‌ಗಳಲ್ಲಿ ಚೂರು ಒತ್ತಿದರೂ ಧಡಕ್ಕನೆ ಏರುತ್ತದೆ. ಒತ್ತಡವನ್ನು ಸದ್ಯಕ್ಕೆ ಮಾಡ್ ವೀಲ್‌ಗೆ ಕೊಡಿ, ಮಿಡಿಯಲ್ಲಿ ಸಿಸಿ (ಕಂಟ್ರೋಲ್ ಸಂದೇಶ) ನಂಬರ್ 1. ಎಕ್ಸ್‌ಪ್ರೆಶನ್ ಪೆಡಲ್ ಇದ್ದರೆ ಸಿಸಿ 11, ಮುಂದೆ ಬ್ರೆತ್ ತಗೊಂಡರೆ ಸಿಸಿ 2. ಸ್ವರದ ಶುರುವಿನ ಪೆಟ್ಟಿಗೆ ವೆಲಾಸಿಟಿ (ಕೀ ಬಡಿದ ವೇಗ) ಸಾಕು. ಆಫ್ಟರ್‌ಟಚ್‌ನಿಂದ ವೈಬ್ರೇಟೊ ಮಾತ್ರ, ಅದೂ ಕಡಿಮೆ.

ಬಿದಿರುಕಡ್ಡಿ:
ವೀಲ್‌ನಲ್ಲಿ ಮೆಲುದನಿ ಬಂತು! ಆದರೆ ಎಡಗೈ ಅಲ್ಲೇ ಇದ್ದರೆ ಗಮಕಕ್ಕೆ ಸ್ವರ ಜಾರಿಸುವ ಪಿಚ್ ಬೆಂಡ್ ಯಾರು ತಿರುಗಿಸುತ್ತಾರೆ? ಪೆಡಲ್ ಹಾಕಿದೆ. ಅದು ಉಲ್ಟಾ, ಕೆಳಗೆ ಒತ್ತಿದರೆ ಸದ್ದು ಹೋಗುತ್ತದೆ.

ಮಲೆನಾಡು_ಮಿಡಿ:
ಪೆಡಲ್ ಜಾಕ್‌ನ ತುದಿ-ಉಂಗುರದ ವೈರಿಂಗ್ ಎಲ್ಲಾ ಕಂಪನಿಗಳಲ್ಲಿ ಒಂದೇ ಥರ ಇರುವುದಿಲ್ಲ. ಪೊಲಾರಿಟಿ ಸ್ವಿಚ್ ಇದ್ದರೆ ತಿರುಗಿಸಿ. ಇಲ್ಲದಿದ್ದರೆ ಪ್ಲಗಿನ್‌ನಲ್ಲೇ ಕರ್ವ್ ಉಲ್ಟಾ ಮಾಡಿ. ಮಾಡೆಲ್ ನಂಬರ್ ಹೇಳಿ, ಕೀಬೋರ್ಡ್, ಪೆಡಲ್ ಎರಡರದ್ದೂ.

ಹಳೇಪೆಟ್ಟಿಗೆ:
ಗಮಕ ಬೇಕಾದರೆ ಬಾಯಿಂದಲೇ ಊದಬೇಕು, ಎಡಗೈ ಬೆಂಡ್‌ಗೆ ಬಿಡಬೇಕು. ನನ್ನ ಸೆಟಪ್ ಫೋಟೋ ಹಾಕಲಾ?

ಜಾರುಬೆರಳು:
ಎಂಪಿಇ (ಪ್ರತಿ ಸ್ವರಕ್ಕೂ ಬೇರೆಬೇರೆ ಬೆಂಡ್ ಕೊಡುವ) ಕೀಬೋರ್ಡ್ ತಗೊಳ್ಳಿ, ಬೆರಳು ಜಾರಿಸಿದರೆ ಗಮಕ. ಬೆಂಡ್ ರೇಂಜ್ ಕೀಬೋರ್ಡ್, ಪ್ಲಗಿನ್ ಎರಡರಲ್ಲೂ 48 ಸೆಮಿಟೋನ್ ಇರಲಿ. ನನ್ನ ಪ್ಲಗಿನ್‌ನಲ್ಲಿ 2 ಇತ್ತು, ಒಂದು ಸ್ಥಾಯಿ ಜಾರಿದರೂ ಅರ್ಧ ಸೆಮಿಟೋನ್ ಅಷ್ಟೇ ಏರುತ್ತಿತ್ತು.

ಬಫರ್‌ಭಟ್ಟ:
ಫೋಟೋ ಬೇರೆ ಥ್ರೆಡ್‌ನಲ್ಲಿ ಹಾಕಿ ಸ್ವಾಮಿ.