ವೃದ್ಧರ ಆರೈಕೆ ಪರೀಕ್ಷೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಚಿಕ್ಕಬಳ್ಳಾಪುರ ಜಿಲ್ಲೆಯ ನರ್ಸ್‌ಗಳ ಗುಂಪಿಗೆ ನಮಸ್ಕಾರ. ಅಮೆರಿಕದ ಎಎನ್‌ಸಿಸಿ (ನರ್ಸ್‌ಗಳ ಪರಿಣತಿಗೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ) ನಡೆಸುವ ವೃದ್ಧರ ಶುಶ್ರೂಷೆ ಸರ್ಟಿಫಿಕೇಟ್ ಪರೀಕ್ಷೆಗೆ ಓದ್ತಿರೋರು ಇವತ್ತು ಸಿಸ್ಟರ್‌ನ ಕೇಳಬಹುದು. ಅದನ್ನ ಪಾಸ್ ಮಾಡಿದೋರು, ಹದಿನೆಂಟು ವರ್ಷ ವೃದ್ಧರ ವಾರ್ಡಲ್ಲಿ ದುಡಿದೋರು. ದಯವಿಟ್ಟು ಫಾರ್ವರ್ಡ್ ಬೇಡ.

ಗೌರಿಬಿದನೂರು: ಯಾರು ಬರೀಬಹುದು ಸಿಸ್ಟರ್? ಎಷ್ಟು ಪ್ರಶ್ನೆ?

ಸಿಸ್ಟರ್: ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಇರಬೇಕು, ಇಲ್ಲ ನಿಮ್ಮ ದೇಶದ ಕಾನೂನು ಒಪ್ಪೋ ಅದಕ್ಕೆ ಸಮನಾದ ನೋಂದಣಿ. ಎರಡು ವರ್ಷ ಪೂರ್ಣಾವಧಿ ಕೆಲಸದ ಅನುಭವ. ಹಿಂದಿನ 3 ವರ್ಷದಲ್ಲಿ ವೃದ್ಧರ ಆರೈಕೆಯಲ್ಲೇ 2,000 ಗಂಟೆ, ಅದೇ ವಿಷಯದಲ್ಲಿ 30 ಗಂಟೆ ಮುಂದುವರಿದ ಶಿಕ್ಷಣ. 150 ಪ್ರಶ್ನೆ, 3 ಗಂಟೆ. ಅಂಕಕ್ಕೆ ಬರೋದು 125 ಮಾತ್ರ, ಮಿಕ್ಕ 25 ಪ್ರಯೋಗಕ್ಕೆ. ಯಾವ್ಯಾವು ಅಂತ ತಿಳಿಯಲ್ಲ, ಒಂದನ್ನೂ ಬಿಡಬೇಡಿ.

ಗುಡಿಬಂಡೆ: ಒಟ್ಟು ಎಷ್ಟು ಪ್ರಶ್ನೆ ಅಕ್ಕಾ?

ಸಿಸ್ಟರ್: ಮೇಲಿದೆ.

ಬಾಗೇಪಲ್ಲಿ: ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿಂದ ಬೆನ್ನು, ಕತ್ತು ಸೆಟೆದುಹೋಗಿರೋ ಮುದುಕರು ತುಂಬಾ ಇದಾರೆ. ಅವರನ್ನ ಮಗ್ಗುಲು ತಿರುಗಿಸೋದು ಹೆಂಗೆ? ಬೆಡ್‌ಸೋರ್ (ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣು) ಅಧ್ಯಾಯದಲ್ಲಿ ಇಂಥೋರ ವಿಷಯವೇ ಇಲ್ಲ.

ಶಿಡ್ಲಘಟ್ಟ: ಡೆಲಿರಿಯಂಗೂ ಡಿಮೆನ್ಷಿಯಾಗೂ ವ್ಯತ್ಯಾಸ ತಲೆಗೆ ಹತ್ತುತ್ತಿಲ್ಲ. ನಮ್ಮನೆ ಉದಾಹರಣೆನೇ ಹೇಳ್ತೀನಿ. ನಮ್ಮ ಅತ್ತೆಯ ತಾಯಿಗೆ 81. ಹೋದ ವಾರದ ತನಕ ಚಂದ್ರಿಕೆಯಿಂದ (ರೇಷ್ಮೆ ಹುಳ ಗೂಡು ಕಟ್ಟೋ ಬಿದಿರಿನ ತಟ್ಟಿ) ಗೂಡು ಬಿಡಿಸ್ತಾ ಕೂತಿದ್ದೋರು. ಗುರುವಾರದಿಂದ ಸಂಜೆ ಆದ್ರೆ ಸಾಕು, ಗೋಡೆ ಮೇಲೆ ಹಣ್ಣಾದ ಹುಳ ಹರೀತಿವೆ, ಚಂದ್ರಿಕೆ ತನ್ನಿ ಅಂತ ಬರಿಗೋಡೆಯಿಂದ ಆಯ್ದು ಆಯ್ದು ಮಡಿಲಿಗೆ ಹಾಕ್ಕೋತಾರೆ. ಬೆಳಿಗ್ಗೆ ಮಂಕು, ಕರೆದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ತಾರೆ. ಇದು ಡಿಮೆನ್ಷಿಯಾ ಶುರುನಾ?

ಸಿಸ್ಟರ್: ಏನು ಮಾತ್ರೆ ಕೊಡ್ತಿದೀರಿ? ಮೂತ್ರ ಯಾವಾಗ ಹೋದ್ರು? ಈಗಲೇ ಹೇಳಿ.

ಶಿಡ್ಲಘಟ್ಟ: ಶೀತಕ್ಕೆ ಮೆಡಿಕಲ್ ಶಾಪಿಂದ ತಂದದ್ದು, ಕ್ಲೋರ್‌ಫೆನಿರಮಿನ್ ಅಂತಿದೆ. ಬುಧವಾರದಿಂದ ದಿನಕ್ಕೆ ಮೂರು. ಮೂತ್ರ ನಿನ್ನೆ ರಾತ್ರಿಯಿಂದ ಹೋಗಿಲ್ಲ. ಜ್ವರ ಇಲ್ಲ. ಬಿಪಿ, ಶುಗರ್ ಮಾತ್ರೆ ಮೊದಲಿಂದಲೂ ಇವೆ.

ಸಿಸ್ಟರ್: ಪುಸ್ತಕ ಮುಚ್ಚಿ, ಅಜ್ಜಿಯನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಸೋಮವಾರ ನೋಡೋಣ ಅನ್ನಬೇಡಿ. ಹೊರಡೋ ಮುಂಚೆ ಗ್ಲುಕೋಮೀಟರ್ ಇದ್ರೆ ಶುಗರ್ ನೋಡಿ. ಇಳಿದಿದ್ರೂ ಹಿಂಗೇ ಮಂಕಾಗ್ತಾರೆ. ಶೀತದ ಮಾತ್ರೆ ಇನ್ನೊಂದೂ ಬೇಡ. ಮನೇಲಿರೋ ಎಲ್ಲಾ ಸ್ಟ್ರಿಪ್ ಚೀಲಕ್ಕೆ ಹಾಕಿ ತಗೊಂಡು ಹೋಗಿ.

ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ತಿಂಗಳು, ವರ್ಷ ಹಿಡಿದು ಬರುತ್ತೆ. ಗುರುವಾರ ಶುರುವಾಯ್ತು ಅಂತ ದಿನ ಹೇಳೋಕಾದ್ರೆ ಮೊದಲು ಡೆಲಿರಿಯಂ (ದಿಢೀರನೆ ತಲೆ ಕದಡೋದು) ಅಂತಲೇ ನೋಡಬೇಕು. ಅದನ್ನ ಪತ್ತೆ ಮಾಡೋ ಸಿಎಎಂ ಅನ್ನೋ ಪರೀಕ್ಷೆ ನಾಲ್ಕು ಕೇಳುತ್ತೆ: ದಿಢೀರನೆ ಬಂದು ಏರಿಳಿತ ಆಗ್ತಿದೆಯಾ, ಗಮನ ನಿಲ್ಲುತ್ತಾ, ಮಾತು ದಿಕ್ಕಾಪಾಲಾಗಿದೆಯಾ, ಎಚ್ಚರದ ಮಟ್ಟ ಬದಲಾಗಿದೆಯಾ. ಮೊದಲೆರಡು ಇರಲೇಬೇಕು, ಕೊನೆಯೆರಡರಲ್ಲಿ ಒಂದಾದ್ರೂ ಸಾಕು. ವಾರದ ಹೆಸರು ಹಿಂದುಮುಂದಾಗಿ ಹೇಳಿಸಿದ್ರೆ ಗಮನ ಗೊತ್ತಾಗುತ್ತೆ.

ಆ ಶೀತದ ಮಾತ್ರೆ ನರಗಳ ಸಂದೇಶ ಸಾಗಿಸೋ ಅಸಿಟೈಲ್‌ಕೋಲಿನ್ ಕೆಲಸ ತಡೆಯುತ್ತೆ. ಹರೆಯದೋರಿಗೆ ನಿದ್ದೆ ಬರುತ್ತೆ ಅಷ್ಟೇ. ವಯಸ್ಸಾದೋರಿಗೆ ಬಾಯಿ ಒಣಗುತ್ತೆ, ಮಲ ಕಟ್ಟುತ್ತೆ, ಮೂತ್ರ ಚೀಲದಲ್ಲೇ ನಿಲ್ಲುತ್ತೆ, ತಲೆ ಕದಡುತ್ತೆ. ವೃದ್ಧರಿಗೆ ತೊಂದರೆ ಕೊಡೋ ಔಷಧಿಗಳದ್ದು ಅಂತ 1991ರಲ್ಲಿ ಶುರುವಾದ ಬಿಯರ್ಸ್ ಪಟ್ಟಿಯಲ್ಲಿ, 2023ರ ಪರಿಷ್ಕರಣೆಯಲ್ಲೂ, ಈ ಹಳೇ ತಲೆಮಾರಿನ ಅಲರ್ಜಿ ಮಾತ್ರೆಗಳು ವೃದ್ಧರಿಗೆ ಬೇಡ ಅಂತಿದೆ. ಹಂಗಂತ ಬರೀ ಮಾತ್ರೆ ಅಂತ ಕೂರೋ ಹಾಗಿಲ್ಲ. ಜ್ವರ ಇಲ್ಲದೆಯೂ ಸೋಂಕು ಇರಬಹುದು, ಸೋಡಿಯಂ ಇಳಿದಿರಬಹುದು.

ನಿದ್ದೆ ಮಾತ್ರೆ ಕೊಡಬೇಡಿ. ಕೈಕಾಲು ಕಟ್ಟಬೇಡಿ. ಕನ್ನಡಕ ಮರೀಬೇಡಿ.

ಶಿಡ್ಲಘಟ್ಟ: ಆಟೋ ಬಂತು. ಹೊರಟ್ವಿ.

ಚೇಳೂರು: 🙏 ಫಾರ್ವರ್ಡ್: ಅರಳುಮರುಳಿಗೆ ರಾಮಬಾಣ! ಒಂದೆಲಗದ ರಸಕ್ಕೆ ಜೇನು ಬೆರೆಸಿ ಮಲಗಿರುವವರ ಬಾಯಿಗೆ ಬಿಡಿ. 7 ದಿನ ಇಂಗ್ಲಿಷ್ ಮಾತ್ರೆ ನಿಲ್ಲಿಸಿ. 11 ಜನರಿಗೆ ಕಳಿಸಿ.

ಸಿಸ್ಟರ್: ಅಳಿಸಿ. ಮಂಕಾಗಿ ಮಲಗಿರೋರ ಬಾಯಿಗೆ ರಸ ಬಿಟ್ರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಬಿಪಿ, ಶುಗರ್ ಮಾತ್ರೆ ಏಳು ದಿನ ನಿಲ್ಲಿಸಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿರಬೇಕಿತ್ತು, ನೀವೂ ನರ್ಸೇ.

ಚೇಳೂರು: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಗಡಸಾಗಿ ಹೇಳ್ಬೇಕಿತ್ತಾ?

ಗೌರಿಬಿದನೂರು: ನಮ್ಮಜ್ಜಿ ಒಂದೆಲಗದ ತಂಬುಳಿ ಉಂಡು 94 ಬದುಕಿದ್ರು. ಅಮೆರಿಕದ ಪುಸ್ತಕ ಓದಿದ ಮೇಲೆ ನಮ್ಮ ಸೊಪ್ಪು ಕಣ್ಣಿಗೆ ಬೀಳಲ್ಲ.

ಚಿಂತಾಮಣಿ: ತಂಬುಳಿ ಎಚ್ಚರವಾಗಿರೋರು ಎದ್ದು ಕೂತು ಉಣ್ಣೋ ಅನ್ನದ ಜೊತೆಗಿನದು. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?

ಗೌರಿಬಿದನೂರು: ನಿಮ್ಮನ್ನ ಕೇಳಿಲ್ಲ.

ಚೇಳೂರು: ಮೂರು ದಿನ ಮನೇಲಿ ನೋಡ್ಕೊಂಡು ಕೂತ ಆ ಮನೆಯೋರಿಗೆ ಯಾರೂ ಏನೂ ಅನ್ನಲ್ಲ, ನನಗೆ ಮಾತ್ರ.

ಚಿಂತಾಮಣಿ: ಅವರು ಆಸ್ಪತ್ರೇಲಿ ಇದಾರೆ. ಇದನ್ನ ಓದ್ತಾರೆ. ಸ್ವಲ್ಪ ನೋಡ್ಕೊಂಡು ಬರೀರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಫಾರ್ವರ್ಡ್ ತೆಗೆದಿದ್ದೀನಿ.

ಚಿಂತಾಮಣಿ: ಸಿಸ್ಟರ್, ಟೈಮ್ಡ್ ಅಪ್ ಅಂಡ್ ಗೋ ಎಷ್ಟು ಸೆಕೆಂಡು?

ಸಿಸ್ಟರ್: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರೋದು. 12 ಸೆಕೆಂಡು ಅಥವಾ ಜಾಸ್ತಿ ಆದ್ರೆ ಬೀಳೋ ಭಯ ಇದೆ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಇಲ್ಲ ಕೆಳಗಿನದು 10 ಇಳಿಯುತ್ತಾ ಅಂತಲೂ ನೋಡಿ.

ಗುಡಿಬಂಡೆ: ಪಾಸಾಗೋಕೆ ಎಷ್ಟು? ಪಿಡಿಎಫ್ ಇದ್ರೆ ಹಾಕಿ ಅಕ್ಕಾ.

ಸಿಸ್ಟರ್: 350. 500ರ ಅಳತೆಯಲ್ಲಿ. ಪಿಡಿಎಫ್ ಕಳಿಸಲ್ಲ.

ಶಿಡ್ಲಘಟ್ಟ: ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿದ್ರು ಸಿಸ್ಟರ್. 900 ಎಂಎಲ್ ಮೂತ್ರ ಬಂತು. ರಕ್ತ, ಮೂತ್ರ ಪರೀಕ್ಷೆಗೆ ಹೋಗಿದೆ. ಮುಖದ ಬಿಗಿ ಸಡಿಲಾಗಿದೆ, ಆದ್ರೆ ಇನ್ನೂ ನನ್ನ ಹೆಸರು ಗೊತ್ತಾಗ್ತಿಲ್ಲ. ಭಯ ಆಗ್ತಿದೆ.

ಸಿಸ್ಟರ್: ಕಾರಣ ಸರಿಹೋದ ದಿನವೇ ತಲೆ ತಿಳಿಯಾಗಲ್ಲ. ದಿನಗಳು ಹಿಡಿಯುತ್ತೆ, ಕೆಲವರಿಗೆ ವಾರಗಳು. ಕ್ಯಾಥೆಟರ್ ಯಾವಾಗ ತೆಗೀತಾರೆ ಅಂತ ದಿನಾ ಕೇಳಿ, ಬೇಡದೆ ಉಳಿದ್ರೆ ಅದೇ ಸೋಂಕಿಗೆ ದಾರಿ. ರಾತ್ರಿ ಮತ್ತೆ ಗೋಡೆ ಸವರಿದ್ರೆ ಹುಳ ಇಲ್ಲ ಅಂತ ವಾದಕ್ಕೆ ನಿಲ್ಲಬೇಡಿ. ಒಂದು ಲೈಟ್ ಹಾಕಿಟ್ಟು, ಕೈ ಹಿಡ್ಕೊಂಡು, ನೀವು ಯಾರು ಅಂತ ಹೇಳ್ತಾ ಪಕ್ಕದಲ್ಲೇ ಕೂತ್ಕೊಳ್ಳಿ. ಎಷ್ಟು ಹೊತ್ತಾದ್ರೂ ನನಗೆ ಫೋನ್ ಮಾಡಿ.

ಬಾಗೇಪಲ್ಲಿ: ಬೆಳಿಗ್ಗೆ ಕೇಳಿದ್ದು ಹಂಗೇ ಉಳೀತು ಸಿಸ್ಟರ್.

ಅಡ್ಮಿನ್: ಸಿಸ್ಟರ್ ಆಫ್‌ಲೈನ್ ಹೋಗಿದಾರೆ.